ಹಾಡಿನ ಫೈಲಿಗೆ ಕವರ್ ಚಿತ್ರ: ಯಾರಿಗೆ ಯಾವ ದಾರಿ ಸರಿ?

ನಮ್ಮಮ್ಮ ಕ್ಯಾಸೆಟ್ಟನ್ನು ಹೆಸರು ಹಿಡಿದು ಕೇಳಿದ್ದು ನನಗೆ ನೆನಪಿಲ್ಲ. "ಆ ಹಳದಿ ಕ್ಯಾಸೆಟ್ ಹಾಕು" ಅನ್ನುತ್ತಿದ್ದರು. ಇಲ್ಲವೇ "ತಂಬೂರಿ ಚಿತ್ರ ಇದೆಯಲ್ಲ, ಅದು" ಅನ್ನುತ್ತಿದ್ದರು. ಅಪ್ಪನ ಶೆಲ್ಫಿನಲ್ಲಿ 140 ಕ್ಯಾಸೆಟ್ ಇದ್ದವು. ಭಾವಗೀತೆ, ದಾಸರ ಪದ, ಸಿನಿಮಾ ಹಾಡು, ಯಕ್ಷಗಾನ, ಒಂದೆರಡು ಹರಿಕಥೆ. ಎರಡು ಬೇಸಿಗೆ ರಜೆ ಕೂತು ಅಷ್ಟನ್ನೂ ಎಂಪಿ3 ಮಾಡಿದೆ. ಸುಮಾರು 1,300 ಹಾಡಾಯಿತು. ಫೋನಿಗೆ ತುಂಬಿ ಅಮ್ಮನ ಕೈಗೆ ಕೊಟ್ಟೆ.

ಐದು ನಿಮಿಷ ಬೆರಳಾಡಿಸಿ ಫೋನು ವಾಪಸ್ ಕೊಟ್ಟರು. "ಎಲ್ಲಾ ಒಂದೇ ಥರ ಕಾಣ್ಸುತ್ತೆ ಕಣೋ. ನಮ್ಮ ಹಾಡು ಯಾವುದು ಅಂತ ಹೆಂಗೆ ಗೊತ್ತಾಗ್ಬೇಕು?"

ನೋಡಿದರೆ ನಿಜ. ಎಲ್ಲ ಹಾಡಿಗೂ ಅದೇ ಬೂದು ಬಣ್ಣದ ಚೌಕ, ಅದರ ನಡುವೆ ಒಂದು ಸಂಗೀತದ ಗುರುತು. ಹಾಡು ಮಾತ್ರ ಫೋನಿಗೆ ಬಂದಿತ್ತು. ಅಮ್ಮನ ಹಳದಿ ಕ್ಯಾಸೆಟ್ ಶೆಲ್ಫಿನಲ್ಲೇ ಉಳಿದಿತ್ತು.

ಅಲ್ಲಿಂದ ಶುರುವಾದ ಕೆಲಸ ಇದು. ಕವರ್ ಹಾಕುವುದಕ್ಕೆ ದಾರಿ ಹಲವಿವೆ. ಎಲ್ಲವನ್ನೂ ಒಂದಲ್ಲ ಒಂದು ಸಲ ಹಿಡಿದು ನೋಡಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ. ಅವಸರದಲ್ಲಿರುವವರಿಗೆ ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಪ್ರತಿ ಹಾಡಿನ ಫೈಲಿನ ಒಳಗೇ ಒಂದು ಸಣ್ಣ ಜೆಪೆಗ್ ಚಿತ್ರ ಸೇರಿಸಿ. ಅದೇ ಚಿತ್ರದ ದೊಡ್ಡ ಪ್ರತಿಯನ್ನು ಆಲ್ಬಮ್ಮಿನ ಫೋಲ್ಡರಿನಲ್ಲಿ ಇಡಿ. ಹೊಸ ಹಾಡುಗಳಿಗೆ ಸಾಫ್ಟ್‌ವೇರ್ ತಾನೇ ಚಿತ್ರ ಹುಡುಕಲಿ. ಹಳೆ ಕನ್ನಡ ಕ್ಯಾಸೆಟ್ಟಿಗೆ ಮಾತ್ರ ನೀವೇ ಸ್ಕ್ಯಾನ್ ಮಾಡಿ. ಯಾಕೆ ಅನ್ನುವುದು ಮುಂದಿದೆ.

ಚಿತ್ರ ಎಲ್ಲಿರಬೇಕು?

ಚಿತ್ರ ಮೂರು ಜಾಗದಲ್ಲಿ ಇರಬಹುದು. ಹಾಡಿನ ಫೈಲಿನ ಒಳಗೆ, ಹಾಡಿರುವ ಫೋಲ್ಡರಿನಲ್ಲಿ, ಅಥವಾ ಹಾಡು ನುಡಿಸುವ ಆಪ್ ತನಗಾಗಿ ಇಟ್ಟುಕೊಂಡ ಸಂಗ್ರಹದಲ್ಲಿ. ನೋಡುವುದಕ್ಕೆ ಮೂರೂ ಒಂದೇ. ಫೋನ್ ಬದಲಾಯಿಸಿದ ದಿನ ವ್ಯತ್ಯಾಸ ಗೊತ್ತಾಗುತ್ತದೆ.

ಮೂರನೆಯದನ್ನು ಮೊದಲು ಮುಗಿಸುತ್ತೇನೆ. ಆಪಲ್ ಮ್ಯೂಸಿಕ್‌ನಲ್ಲಿ ಆಲ್ಬಮ್ ಕವರ್ ತರಿಸಿಕೊಳ್ಳುವ ಒಂದು ಆಯ್ಕೆ ಇದೆ. ಒತ್ತಿದರೆ ಸಿಕ್ಕಷ್ಟು ಚಿತ್ರ ಬರುತ್ತವೆ. ವಿಎಲ್‌ಸಿ ಕೂಡ ನೆಟ್‌ನಿಂದ ಕವರ್ ತಂದು ತೋರಿಸುತ್ತದೆ. ತುಂಬಾ ಸುಲಭ. ಆದರೆ ಹಾಗೆ ಬಂದ ಚಿತ್ರ ಹಾಡಿನ ಫೈಲಿಗೆ ಸೇರುವುದಿಲ್ಲ, ಆ ಆಪ್‌ನ ಜೋಳಿಗೆಯಲ್ಲೇ ಉಳಿಯುತ್ತದೆ. ಹಾಡನ್ನು ಪೆನ್‌ಡ್ರೈವಿಗೆ ಹಾಕಿದರೆ ಬರೀ ಹಾಡು ಹೋಗುತ್ತದೆ, ಚಿತ್ರ ಹೋಗುವುದಿಲ್ಲ. ಒಂದೇ ಕಂಪ್ಯೂಟರಿನಲ್ಲಿ, ಒಂದೇ ಆಪ್‌ನಲ್ಲಿ ಜೀವನಪೂರ್ತಿ ಕೇಳುತ್ತೀರಿ ಅಂದರೆ ಸಾಕು. ಅದೇ ಆಪಲ್ ಮ್ಯೂಸಿಕ್‌ನಲ್ಲಿ ಹಾಡಿನ ಮಾಹಿತಿ ತೆರೆದು ಕೈಯಾರೆ ಚಿತ್ರ ಸೇರಿಸಿದರೆ ಅದು ಫೈಲಿನ ಒಳಗೇ ಕೂರುತ್ತದೆ. ಈ ವ್ಯತ್ಯಾಸ ಹೊರಗೆ ಕಾಣುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಫೋಲ್ಡರಿನಲ್ಲಿ ಇಡುವುದು ಹಳೆಯ ಪದ್ಧತಿ. ಪ್ರತಿ ಆಲ್ಬಮ್ಮಿಗೆ ಒಂದು ಫೋಲ್ಡರ್, ಅದರೊಳಗೆ ಇಂಗ್ಲಿಷಿನಲ್ಲಿ 'ಕವರ್' ಅಥವಾ 'ಫೋಲ್ಡರ್' ಅಂತ ಹೆಸರಿಟ್ಟ ಒಂದು ಜೆಪೆಗ್ ಚಿತ್ರ. ಹತ್ತು ಹಾಡಿಗೂ ಆ ಒಂದೇ ಚಿತ್ರ ಸಾಕು. ನಾಳೆ ಇನ್ನೂ ಒಳ್ಳೆಯ ಸ್ಕ್ಯಾನ್ ಸಿಕ್ಕರೆ ಒಂದು ಫೈಲ್ ಬದಲಿಸಿದರೆ ಆಯಿತು, ಹಾಡನ್ನು ಮುಟ್ಟುವುದೇ ಬೇಡ. ಮನೆಯಲ್ಲಿ ನ್ಯಾವಿಡ್ರೋಮ್ ಥರದ ಸಂಗೀತ ಸರ್ವರ್ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಅದು ಮೊದಲು ಫೋಲ್ಡರಿನ ಚಿತ್ರ ನೋಡಿ, ಇಲ್ಲದಿದ್ದರೆ ಮಾತ್ರ ಫೈಲಿನೊಳಗೆ ಹುಡುಕುತ್ತದೆ.

ಫೋನಿಗೆ ಬಂದಾಗ ಕಷ್ಟ ಶುರು. ಫೋನಿನ ಗ್ಯಾಲರಿ ಆ ಕವರ್‌ಗಳನ್ನೂ ಫೋಟೋ ಅಂದುಕೊಳ್ಳುತ್ತದೆ. ಮೊಮ್ಮಗಳ ಹುಟ್ಟುಹಬ್ಬದ ಫೋಟೋ ಪಕ್ಕದಲ್ಲಿ 140 ಕ್ಯಾಸೆಟ್ ಕವರ್ ಬಂದು ಕೂತವು. ಆಂಡ್ರಾಯ್ಡಿನಲ್ಲಿ ಫೋಲ್ಡರನ್ನು ಗ್ಯಾಲರಿಯಿಂದ ಮರೆಮಾಡುವುದಕ್ಕೆ 'ನೋಮೀಡಿಯಾ' ಅನ್ನುವ ಖಾಲಿ ಫೈಲ್ ಇಡುವ ಉಪಾಯ ಇದೆ. ಆದರೆ ಅದನ್ನಿಟ್ಟರೆ ಆ ಫೋಲ್ಡರಿನ ಹಾಡುಗಳೂ ಹೆಚ್ಚಿನ ಆಪ್‌ಗಳಿಗೆ ಕಾಣುವುದಿಲ್ಲ. ಇನ್ನೊಂದು ತೊಂದರೆ: ಒಂದೇ ಹಾಡನ್ನು ಯಾರಿಗಾದರೂ ಕಳಿಸಿದರೆ ಚಿತ್ರ ಹಿಂದೆಯೇ ಉಳಿಯುತ್ತದೆ.

ಇನ್ನು ಫೈಲಿನ ಒಳಗೆ. ಎಂಪಿ3 ಫೈಲಿನ ಶುರುವಿನಲ್ಲಿ ಟ್ಯಾಗ್ ಅನ್ನುವ ಒಂದು ಜಾಗ ಇರುತ್ತದೆ. ಹಾಡಿನ ಹೆಸರು, ಹಾಡಿದವರು, ವರ್ಷ ಎಲ್ಲ ಅಲ್ಲೇ. ಅದಕ್ಕೆ ಐಡಿ3 ಅಂತ ಹೆಸರು. ಚಿತ್ರಕ್ಕೂ ಅದರಲ್ಲಿ ಜಾಗ ಇದೆ. ಮುಂಭಾಗ, ಹಿಂಭಾಗ, ಕಲಾವಿದರ ಫೋಟೋ ಹೀಗೆ 21 ಬಗೆಯ ಚಿತ್ರಕ್ಕೆ ಅವಕಾಶ ಕೊಟ್ಟಿದ್ದಾರೆ. ಫ್ಲಾಕ್ ಮತ್ತು ಎಂ4ಎ ಅನ್ನುವ ಬೇರೆ ಬಗೆಯ ಹಾಡಿನ ಫೈಲಿಗೂ ತಮ್ಮದೇ ರೀತಿಯ ಜಾಗ ಇದೆ. ವೇವ್ ಫೈಲಿಗೆ ಮಾತ್ರ ಇದನ್ನು ನಂಬಬೇಡಿ. ಒಂದು ಆಪ್‌ನಲ್ಲಿ ಕಂಡ ಚಿತ್ರ ಇನ್ನೊಂದರಲ್ಲಿ ಕಾಣದೇ ಹೋಗಬಹುದು. ವೇವ್ ಆಗಿ ಇಟ್ಟುಕೊಂಡಿದ್ದರೆ ಫ್ಲಾಕ್ ಮಾಡಿಕೊಳ್ಳಿ. ಗುಣಮಟ್ಟ ಒಂದಿಷ್ಟೂ ಕಡಿಮೆ ಆಗುವುದಿಲ್ಲ, ಜಾಗವೂ ಉಳಿಯುತ್ತದೆ.

ಒಳಗಿರುವ ಚಿತ್ರದ ದೊಡ್ಡ ಲಾಭ ಅಂದರೆ ಅದು ಹಾಡಿನ ಜೊತೆಗೇ ಹೋಗುತ್ತದೆ. ಅಕ್ಕನ ಪೆನ್‌ಡ್ರೈವಿಗೆ, ಭಾವನ ಕಾರಿಗೆ, ನಾಳೆ ಕೊಳ್ಳುವ ಫೋನಿಗೆ.

ಕಾರಿನ ವಿಷಯದಲ್ಲಿ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಭಾವನ ಕಾರಿನ ಸ್ಟೀರಿಯೋಗೆ ಕನ್ನಡ ಅಕ್ಷರ ಬರುವುದಿಲ್ಲ. ಹಾಡಿನ ಹೆಸರು ಕನ್ನಡದಲ್ಲಿ ಬರೆದಿದ್ದರೆ ಸಾಲಾಗಿ ಚೌಕಗಳು ಕಾಣುತ್ತವೆ. ಆದರೆ ಕವರ್ ಚಿತ್ರ ಚಿತ್ರವೇ ಅಲ್ವಾ, ಅದಕ್ಕೆ ಫಾಂಟ್ ಬೇಕಿಲ್ಲ. ಕ್ಯಾಸೆಟ್ಟಿನ ಮೇಲೆ ಕೈಬರಹದಲ್ಲಿ ಬರೆದ ಕನ್ನಡ ಶೀರ್ಷಿಕೆ ಆ ಪರದೆ ಮೇಲೆ ಹಾಗೇ ಬಂತು. ಕನ್ನಡ ಓದಲು ಬಾರದ ಯಂತ್ರದಲ್ಲೂ ಕನ್ನಡ ಕಾಣಿಸುವ ದಾರಿ ಇದು. ಕನ್ನಡ ಹಾಡಿಗೆ ಕವರ್ ಬೇಕೇ ಬೇಕು ಅಂತ ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಇದೇ ಸಂದರ್ಭದಲ್ಲಿ ಟ್ಯಾಗ್ ಬಗ್ಗೆ ಒಂದು ಮಾತು. ಐಡಿ3ಯ ಮೊದಲ ಆವೃತ್ತಿಯಲ್ಲಿ ಹೆಸರಿಗೆ ಇದ್ದ ಜಾಗ 30 ಬೈಟ್ ಮಾತ್ರ, ಕನ್ನಡಕ್ಕೆ ವ್ಯವಸ್ಥೆಯೇ ಇರಲಿಲ್ಲ, ಚಿತ್ರಕ್ಕೂ ಇರಲಿಲ್ಲ. ನಿಮ್ಮ ಟ್ಯಾಗ್ 2.3 ಆವೃತ್ತಿಯಲ್ಲಿ ಇರಲಿ. ಇನ್ನೂ ಹೊಸದಾದ 2.4 ಇದೆ, ಆದರೆ ಹಳೆ ಕಾರು, ಹಳೆ ಪ್ಲೇಯರ್‌ಗಳಿಗೆ 2.3 ಜಾಸ್ತಿ ಒಗ್ಗುತ್ತದೆ. ಕನ್ನಡವೂ ಅದರಲ್ಲಿ ಸರಿಯಾಗಿ ಕೂರುತ್ತದೆ.

ಎಷ್ಟು ದೊಡ್ಡ ಚಿತ್ರ?

ಇಲ್ಲಿ ಆಸೆಗೆ ಬಿದ್ದು ನಾನು ಒಂದು ಸಲ ಕೆಟ್ಟಿದ್ದೇನೆ. ಲೆಕ್ಕ ನೋಡಿ. ಸಾಮಾನ್ಯ ಗುಣಮಟ್ಟದ (128 ಕೆಬಿಪಿಎಸ್) ನಾಲ್ಕು ನಿಮಿಷದ ಹಾಡು ಸುಮಾರು 4 ಎಂಬಿ. 3,000 ಪಿಕ್ಸೆಲ್ ಅಗಲ ಎತ್ತರದ ಜೆಪೆಗ್ ಸುಲಭವಾಗಿ 3 ಎಂಬಿ ಆಗುತ್ತದೆ. ಚಿತ್ರ ಪ್ರತಿ ಹಾಡಿನ ಒಳಗೂ ಬೇರೆ ಬೇರೆಯಾಗಿ ಕೂರುವುದರಿಂದ ಹತ್ತು ಹಾಡಿನ ಆಲ್ಬಮ್ಮಿಗೆ 30 ಎಂಬಿ ಬರೀ ಚಿತ್ರವೇ ಆಯಿತು. ನನ್ನ 1,300 ಹಾಡಿಗೆ ಅದು 3.9 ಜಿಬಿ. ಅದೇ ಚಿತ್ರವನ್ನು 250 ಕೆಬಿಗೆ ಇಳಿಸಿದರೆ ಎಲ್ಲ ಸೇರಿ 325 ಎಂಬಿ. ಫೋನಿನ ಪರದೆಯಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಹಾಗಾಗಿ ಒಳಗಿಡುವ ಚಿತ್ರ 800ರಿಂದ 1,000 ಪಿಕ್ಸೆಲ್ ಇದ್ದರೆ ಫೋನಿಗೂ ಟಿವಿಗೂ ಸಾಕು. ಹಳೆ ಕಾರಿಗೆ ಅಥವಾ ಸಣ್ಣ ಎಂಪಿ3 ಪ್ಲೇಯರಿಗೆ ಅಂತಲೇ ಮಾಡುವುದಾದರೆ 500 ಸಾಕು. ಫೋಲ್ಡರಿನಲ್ಲಿಡುವ ಚಿತ್ರಕ್ಕೆ ಈ ಹಿಡಿತ ಬೇಡ. ಅದು ಒಂದೇ ಪ್ರತಿ, ಎಷ್ಟು ದೊಡ್ಡದಿದ್ದರೂ ಇರಲಿ.

ಜೆಪೆಗ್ಗಿನಲ್ಲೂ ಎರಡು ಬಗೆ ಇದೆ. ಬೇಸ್‌ಲೈನ್ ಮತ್ತು ಪ್ರೋಗ್ರೆಸಿವ್. ಪ್ರೋಗ್ರೆಸಿವ್ ಚಿತ್ರವನ್ನು ಕೆಲವು ಪ್ಲೇಯರ್‌ಗಳು ತೋರಿಸುವುದೇ ಇಲ್ಲ. ಹಾಡು ನುಡಿಯುತ್ತದೆ, ಚಿತ್ರದ ಜಾಗ ಖಾಲಿ. ಭಾವನ ಕಾರಿನಲ್ಲಿ ಹನ್ನೊಂದು ಆಲ್ಬಮ್ಮಿಗೆ ಹೀಗಾಗಿತ್ತು. ಒಂದು ಭಾನುವಾರ ಪೂರ್ತಿ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಈಗ ಚಿತ್ರ ಸೇವ್ ಮಾಡುವಾಗ ಪ್ರೋಗ್ರೆಸಿವ್ ಅನ್ನುವ ಗುರುತು ತೆಗೆದುಬಿಡುತ್ತೇನೆ. ವಿಂಡೋಸ್ ಪೇಂಟ್‌ನಲ್ಲಿ ತೆರೆದು ಮತ್ತೆ ಜೆಪೆಗ್ ಆಗಿ ಸೇವ್ ಮಾಡಿದರೂ ಸರಿಹೋಗುತ್ತದೆ. ನೆಟ್‌ನಿಂದ ಇಳಿಸಿದ ಚಿತ್ರ ಎಷ್ಟೋ ಸಲ ವೆಬ್‌ಪಿ ಬಗೆಯದಾಗಿರುತ್ತದೆ. ಹೆಸರಿನ ಕೊನೆಯನ್ನು ಜೆಪಿಜಿ ಅಂತ ತಿದ್ದಿದ ಮಾತ್ರಕ್ಕೆ ಅದು ಜೆಪೆಗ್ ಆಗುವುದಿಲ್ಲ. ತೆರೆದು, ಜೆಪೆಗ್ ಆಗಿ ಸೇವ್ ಮಾಡಲೇಬೇಕು.

ಚಿತ್ರ ಎಲ್ಲಿಂದ ತರುವುದು?

ನಿಜವಾದ ಆಯ್ಕೆ ಇಲ್ಲಿದೆ. ಬೇರೆಯದೆಲ್ಲ ತಾಂತ್ರಿಕ ವಿಷಯ, ಒಂದು ಸಲ ಕಲಿತರೆ ಮುಗಿಯಿತು.

ಇಂಗ್ಲಿಷ್ ಆಲ್ಬಮ್, ಹೊಸ ಸಿನಿಮಾ ಹಾಡು, ಹೆಸರಾದ ಹಿಂದಿ ಚಿತ್ರದ ಹಾಡು ಇದ್ದರೆ ಸುಮ್ನೆ ಕಷ್ಟಪಡಬೇಡಿ. ಕವರ್ ಆರ್ಟ್ ಆರ್ಕೈವ್ ಅಂತ ಒಂದು ದೊಡ್ಡ ಸಂಗ್ರಹ ಇದೆ. ಹಾಡು, ಆಲ್ಬಮ್‌ಗಳ ವಿವರ ಕೂಡಿಡುವ ಮ್ಯೂಸಿಕ್‌ಬ್ರೈನ್ಜ್ ತಾಣ ಮತ್ತು ಇಂಟರ್ನೆಟ್ ಆರ್ಕೈವ್ ಸೇರಿ 2012ರಲ್ಲಿ ಶುರು ಮಾಡಿದ್ದು. ಜನ ತಮ್ಮ ಹತ್ತಿರ ಇರುವ ಸಿಡಿ, ಎಲ್‌ಪಿಗಳ ಕವರ್ ಸ್ಕ್ಯಾನ್ ಮಾಡಿ ಅಲ್ಲಿ ಹಾಕುತ್ತಾರೆ. ಒಂದೇ ಚಿತ್ರ 250, 500, 1,200 ಪಿಕ್ಸೆಲ್ ಅಳತೆಗಳಲ್ಲಿ ಸಿಗುತ್ತದೆ. ಡಿಸ್ಕಾಗ್ಸ್ ಇನ್ನೊಂದು ಜಾಗ. ಹಳೆ ಎಲ್‌ಪಿ, ಇಪಿ (ಸಣ್ಣ ರೆಕಾರ್ಡು) ಕೊಳ್ಳುವವರು ಮಾರುವವರು ಸೇರುವ ತಾಣ ಅದು, ಹಾಗಾಗಿ ಕೆಲವು ಹಳೆ ಕನ್ನಡ ಸಿನಿಮಾ ರೆಕಾರ್ಡುಗಳ ಕವರ್ ಕೂಡ ಸಿಗುತ್ತದೆ. ಹಿಂಭಾಗದ ಚಿತ್ರವೂ ಎಷ್ಟೋ ಸಲ ಇರುತ್ತದೆ. ಅದು ದೊಡ್ಡ ಉಪಕಾರ.

ಮಾಮೂಲಿ ಇಮೇಜ್ ಹುಡುಕಾಟದಿಂದ ತರುವುದು ನನಗೆ ಅಷ್ಟು ಸಮಾಧಾನ ಇಲ್ಲ. ಸಿಗುವುದು ಸಣ್ಣ ಚಿತ್ರ, ಅದರ ಮೇಲೆ ಯಾವುದೋ ಡೌನ್‌ಲೋಡ್ ತಾಣದ ಹೆಸರಿನ ಠಸ್ಸೆ. ಸ್ಟ್ರೀಮಿಂಗ್ ಆಪ್‌ಗಳ ಕವರ್ ದೊಡ್ಡದಾಗಿ, ಸ್ವಚ್ಛವಾಗಿ ಇರುತ್ತದೆ, ನಿಜ. ಆದರೆ ಹಳೆ ಹಾಡುಗಳನ್ನು ಈಗ 'ಹಿಟ್ಸ್' ಅಂತ ಹೊಸ ಕಟ್ಟು ಕಟ್ಟಿ ಬಿಡುತ್ತಾರೆ. ಕವರ್ ಕೂಡ ಈಗಿನದ್ದೇ: ಗಾಯಕರ ಒಂದು ಫೋಟೋ, ಹಿಂದೆ ಒಂದು ಬಣ್ಣ, ಇಂಗ್ಲಿಷಿನಲ್ಲಿ ಹೆಸರು. ಅಮ್ಮನಿಗೆ ಅದು ಗುರುತೇ ಸಿಗುವುದಿಲ್ಲ. ಅವರ ನೆನಪಿನಲ್ಲಿರುವುದು ಆ ಹಳದಿ ಕಾಗದ, ಆ ತಂಬೂರಿ.

ಹಾಗಾಗಿ ಕ್ಯಾಸೆಟ್, ಎಲ್‌ಪಿ ನಿಮ್ಮ ಹತ್ತಿರವೇ ಇದ್ದರೆ ನೀವೇ ಸ್ಕ್ಯಾನ್ ಮಾಡಿ. ಕೆಲಸ ಜಾಸ್ತಿ, ಆದರೆ ಅದಕ್ಕೆ ಸಮ ಇಲ್ಲ.

ಕ್ಯಾಸೆಟ್ ಕಾಗದದ ಕೆಲಸ

ಡಬ್ಬಿಯ ಒಳಗಿನ ಮಡಿಸಿದ ಕಾಗದವನ್ನು ನಿಧಾನಕ್ಕೆ ಹೊರಗೆ ತೆಗೆಯಿರಿ. ಹಳೆಯದಾದರೆ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿರುತ್ತದೆ. ಎಳೆಯಬೇಡಿ, ಶಾಯಿಯೇ ಕಿತ್ತು ಬರುತ್ತದೆ. ನಾನು ಒಂದು ತೆಳ್ಳಗಿನ ಪ್ಲಾಸ್ಟಿಕ್ ಸ್ಕೇಲನ್ನು ಅಂಚಿನಿಂದ ಜಾರಿಸಿ ಬಿಡಿಸುತ್ತೇನೆ. ಬಿಡದಿದ್ದರೆ ಡಬ್ಬಿಯ ಸಮೇತ ಫೋಟೋ ತೆಗೆದು ಸುಮ್ಮನಾಗುತ್ತೇನೆ.

ಕಾಗದ ಬಿಚ್ಚಿದರೆ ಮುಂಭಾಗ, ಬೆನ್ನು, ಹಿಂದಿನ ಮಡಿಕೆ ಎಲ್ಲ ಒಂದೇ ಪಟ್ಟಿಯಾಗಿ ಹರಡುತ್ತದೆ. ಮುಂಭಾಗ ಸುಮಾರು 10 ಸೆಂಟಿಮೀಟರ್ ಎತ್ತರ, ಆರೂವರೆ ಸೆಂಟಿಮೀಟರ್ ಅಗಲ. ಒಳಮಗ್ಗುಲಲ್ಲಿ ಕೆಲವೊಮ್ಮೆ ಹಾಡಿನ ಸಾಹಿತ್ಯವೇ ಇರುತ್ತದೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಸಾಹಿತ್ಯ ಯಾರದು, ರಾಗ ಸಂಯೋಜನೆ ಯಾರದು, ಕೊಳಲು ಯಾರು, ತಬಲಾ ಯಾರು ಅಂತ ಎಷ್ಟೋ ಸಲ ಬೇರೆಲ್ಲೂ ಸಿಗುವುದಿಲ್ಲ, ಈ ಕಾಗದದಲ್ಲಿ ಮಾತ್ರ ಇರುತ್ತದೆ. ಕ್ಯಾಸೆಟ್ ಹಾಳಾದರೆ, ಮನೆ ಬದಲಿಸುವಾಗ ಡಬ್ಬಿ ಒಡೆದರೆ, ಆ ಕೊಳಲಿನವರ ಹೆಸರೂ ಹೋಯಿತು. ಹಾಗಾಗಿ ಮುಂಭಾಗ ಒಂದನ್ನೇ ಸ್ಕ್ಯಾನ್ ಮಾಡಿ ನಿಲ್ಲಿಸಬೇಡಿ. ಎರಡೂ ಮಗ್ಗುಲನ್ನು ಪೂರ್ತಿ ಮಾಡಿ, ಫೋಲ್ಡರಿನಲ್ಲಿ ಇಡಿ.

ಸ್ಕ್ಯಾನರಿನಲ್ಲಿ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಅಳತೆ) ಇಟ್ಟುಕೊಳ್ಳಿ. ಆಗ ಕ್ಯಾಸೆಟ್ಟಿನ ಮುಂಭಾಗ ಸುಮಾರು 2,400 ಪಿಕ್ಸೆಲ್ ಎತ್ತರ ಬರುತ್ತದೆ. 300 ಇಟ್ಟರೆ 1,200 ಅಷ್ಟೇ, ಸಣ್ಣ ಅಕ್ಷರ ಓದಲಾಗುವುದಿಲ್ಲ. ಸಿಡಿಯ ಕವರ್ 12 ಸೆಂಟಿಮೀಟರ್ ಇರುವುದರಿಂದ 300 ಸಾಲುತ್ತದೆ, 1,400 ಪಿಕ್ಸೆಲ್ ದಾಟುತ್ತದೆ.

ಸ್ಕ್ಯಾನ್ ಮಾಡಿದಾಗ ಚಿತ್ರದ ಮೇಲೆ ಸೀರೆ ನೇಯ್ಗೆಯಂಥ ಅಲೆಗಳು ಕಂಡರೆ ಗಾಬರಿ ಬೇಡ. ಮುದ್ರಣ ಅಂದರೆ ಸಣ್ಣ ಸಣ್ಣ ಬಣ್ಣದ ಚುಕ್ಕೆ. ಆ ಚುಕ್ಕೆಗಳ ಸಾಲೂ ಸ್ಕ್ಯಾನರಿನ ಸಾಲೂ ಒಂದಕ್ಕೊಂದು ಹೊಂದದೆ ಅಲೆ ಏಳುತ್ತದೆ. ಸ್ಕ್ಯಾನರಿನ ಸಾಫ್ಟ್‌ವೇರಿನಲ್ಲಿ ಡಿಸ್ಕ್ರೀನ್ ಅನ್ನುವ ಆಯ್ಕೆ ಇದ್ದರೆ ಹಾಕಿ. ಇಲ್ಲದಿದ್ದರೆ 600ರಲ್ಲಿ ಸ್ಕ್ಯಾನ್ ಮಾಡಿ ಆಮೇಲೆ 1,000 ಪಿಕ್ಸೆಲ್ಲಿಗೆ ಇಳಿಸಿ. ಮುಕ್ಕಾಲು ಪಾಲು ಅಲೆ ಅಲ್ಲೇ ಹೋಗುತ್ತದೆ.

ಮನೆಯಲ್ಲಿ ಸ್ಕ್ಯಾನರ್ ಇಲ್ಲವೇ? ಜೆರಾಕ್ಸ್ ಅಂಗಡಿಗೆ ಹೋಗಿ. ಆದರೆ ಕೇಳುವುದನ್ನು ಸರಿಯಾಗಿ ಕೇಳಿ: "ಕಲರ್, 600 ಡಿಪಿಐ, ಜೆಪೆಗ್." ನಾನು ಮೊದಲ ಸಲ ಬರೀ "ಸ್ಕ್ಯಾನ್ ಮಾಡಿಕೊಡಿ" ಅಂದೆ. ಇಪ್ಪತ್ತು ಕವರ್ ಒಂದೇ ಪಿಡಿಎಫ್‌ನಲ್ಲಿ, ಮಸುಕು ಮಸುಕಾಗಿ ಬಂದವು. ಪಹಣಿ, ಅಂಕಪಟ್ಟಿ ಸ್ಕ್ಯಾನ್ ಮಾಡುವ ಅಂಗಡಿ ಅದು, ಅವರು ದಿನಾ ಮಾಡುವ ಹಾಗೆ ಮಾಡಿಕೊಟ್ಟರು. ಎರಡನೇ ಸಲ ಬಿಡಿಸಿ ಹೇಳಿದ ಮೇಲೆ ಚೆನ್ನಾಗಿ ಬಂತು.

ಎಲ್‌ಪಿ ಇದ್ದರೆ ಬೇರೆ ಕಷ್ಟ. ಅದರ ಕವರ್ 12 ಇಂಚಿಗಿಂತ ಸ್ವಲ್ಪ ದೊಡ್ಡದು, ಎ4 ಸ್ಕ್ಯಾನರಿನಲ್ಲಿ ಹಿಡಿಸುವುದಿಲ್ಲ. ನಾಲ್ಕು ತುಂಡಾಗಿ ಸ್ಕ್ಯಾನ್ ಮಾಡಿ ಜೋಡಿಸಬಹುದು, ನನಗೆ ಆ ತಾಳ್ಮೆ ಇಲ್ಲ. ಫೋನಿನಲ್ಲಿ ಫೋಟೋ ತೆಗೆದರೂ ಚೆನ್ನಾಗಿ ಬರುತ್ತದೆ. ಬೆಳಿಗ್ಗೆ ಹೊತ್ತು ಕಿಟಕಿ ಪಕ್ಕ, ಬಿಸಿಲು ನೇರ ಬೀಳದ ಕಡೆ, ನೆಲದ ಮೇಲೆ ಕವರ್ ಇಡಿ. ಪ್ಲಾಸ್ಟಿಕ್ ಹೊದಿಕೆ ತೆಗೆಯಿರಿ. ಫ್ಲಾಶ್ ಬೇಡ. ಫೋನನ್ನು ಹತ್ತಿರ ಹಿಡಿದರೆ ಅಂಚು ಬಾಗುತ್ತದೆ. ಅದಕ್ಕೆ ಸ್ವಲ್ಪ ಮೇಲಿಂದ, 2 ಪಟ್ಟು ಜೂಮ್ ಮಾಡಿ ತೆಗೆಯಿರಿ. ಆಮೇಲೆ ನಾಲ್ಕು ಮೂಲೆ ಎಳೆದು ನೇರ ಮಾಡುವ ಸೌಲಭ್ಯ ಸ್ನ್ಯಾಪ್‌ಸೀಡ್‌ನಂಥ ಆಪ್‌ನಲ್ಲಿ ಇದೆ. ಹಳೆ ಸಿನಿಮಾ ಹಾಡುಗಳ ಇಪಿ ಕವರ್ ಆದರೆ 7 ಇಂಚು, ಅದು ಸ್ಕ್ಯಾನರಿಗೆ ಹಿಡಿಸುತ್ತದೆ.

ಈಗ ಚೌಕದ ಪ್ರಶ್ನೆ. ಎಲ್‌ಪಿ, ಸಿಡಿ ಚೌಕ. ಕ್ಯಾಸೆಟ್ ಉದ್ದ. ಆಪ್‌ಗಳು ಚೌಕವನ್ನೇ ಬಯಸುತ್ತವೆ. ಮೂರು ಉಪಾಯ ಇದೆ. ಎಳೆದು ಚೌಕ ಮಾಡುವುದು: ಬೇಡವೇ ಬೇಡ, ಗಾಯಕರ ಮುಖ ಕುಂಬಳಕಾಯಿ ಆಗುತ್ತದೆ. ಕತ್ತರಿಸುವುದು: ಮೇಲಿನ ಶೀರ್ಷಿಕೆಯೋ ಕೆಳಗಿನ ಹೆಸರುಗಳೋ ಹೋಗುತ್ತವೆ. ಎರಡು ಪಕ್ಕಕ್ಕೂ ಬಣ್ಣದ ಪಟ್ಟಿ ಸೇರಿಸುವುದು: ನನ್ನ ಆಯ್ಕೆ ಇದೇ. ಪಟ್ಟಿಗೆ ಕಪ್ಪು ಹಾಕಬೇಡಿ. ಕವರ್ ಅಂಚಿನ ಬಣ್ಣವನ್ನೇ ಎತ್ತಿ ಹಾಕಿ. ಹಳದಿ ಕ್ಯಾಸೆಟ್ಟಿಗೆ ಹಳದಿ ಪಟ್ಟಿ ಹಾಕಿದ್ದಕ್ಕೆ ಫೋನಿನಲ್ಲಿ ಅದು ಇಡೀ ಹಳದಿ ಚೌಕವಾಗಿ ಕಾಣುತ್ತದೆ, ದೂರದಿಂದಲೇ ಗೊತ್ತಾಗುತ್ತದೆ.

ಯಾವ ಸಾಫ್ಟ್‌ವೇರ್?

ಪಿಕಾರ್ಡ್, ಎಂಪಿ3ಟ್ಯಾಗ್, ಕಿಡ್3. ಹೆಚ್ಚಿನವರ ಆಯ್ಕೆ ಈ ಮೂರರಲ್ಲಿ ಮುಗಿಯುತ್ತದೆ.

ಪಿಕಾರ್ಡ್ ಮ್ಯೂಸಿಕ್‌ಬ್ರೈನ್ಜ್‌ನವರದು, ಉಚಿತ. ಹಾಡಿನ ಧ್ವನಿಯನ್ನೇ ಕೇಳಿ ಯಾವ ಹಾಡು ಅಂತ ಕಂಡುಹಿಡಿಯಬಲ್ಲದು, ಬೆರಳಚ್ಚು ನೋಡಿ ಆಳನ್ನು ಗುರುತಿಸಿದ ಹಾಗೆ. ಸಿಡಿಯಿಂದ ತೆಗೆದ ಇಂಗ್ಲಿಷ್ ಆಲ್ಬಮ್‌ಗಳಿದ್ದರೆ ನೂರಾರು ಹಾಡಿಗೆ ಒಂದೇ ಸಂಜೆಯಲ್ಲಿ ಕವರ್ ತಂದು ಕೂರಿಸುತ್ತದೆ. ಕ್ಯಾಸೆಟ್ಟಿನಿಂದ ತೆಗೆದ ಹಾಡಿಗೆ ಮಾತ್ರ ಅಷ್ಟು ನೆಚ್ಚಿಕೊಳ್ಳಬೇಡಿ. ಟೇಪಿನ ವೇಗ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಹಾಡಿನ ಉದ್ದ ಬದಲಾಗಿರುತ್ತದೆ, ಗುರುತು ಹೊಂದುವುದಿಲ್ಲ. ಅದೂ ಅಲ್ಲದೆ ಆ ಕ್ಯಾಸೆಟ್ಟಿನ ವಿವರವನ್ನು ಯಾರೂ ಅಲ್ಲಿ ಸೇರಿಸಿಲ್ಲ ಅಂದರೆ ಅದಾದರೂ ಏನು ಹುಡುಕೀತು?

ಪಿಕಾರ್ಡ್ ಬಳಸುವಾಗ ಒಂದು ಎಚ್ಚರ. ಅದು ಚಿತ್ರ ಸೇರಿಸುವುದರ ಜೊತೆಗೆ ಹಾಡಿನ ಹೆಸರು, ಹಾಡಿದವರ ಹೆಸರನ್ನೂ ತನ್ನ ಪಟ್ಟಿಯಲ್ಲಿ ಇದ್ದ ಹಾಗೆ ಬದಲಿಸುತ್ತದೆ. ನೀವು ಕೂತು ಕನ್ನಡದಲ್ಲಿ ಬರೆದ ಹೆಸರು ಒಂದೇ ಒತ್ತಿಗೆ ಇಂಗ್ಲಿಷ್ ಅಕ್ಷರಕ್ಕೆ ತಿರುಗಬಹುದು. ಸೆಟ್ಟಿಂಗ್ಸ್‌ನಲ್ಲಿ ಇಂತಿಂಥ ಟ್ಯಾಗ್ ಮುಟ್ಟಬೇಡ ಅಂತ ಪಟ್ಟಿ ಕೊಡುವ ಜಾಗ ಇದೆ. ಮೊದಲು ಅದನ್ನು ತುಂಬಿ. ಹಾಡುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇಟ್ಟುಕೊಂಡೇ ಶುರು ಮಾಡಿ.

ನನ್ನ ದಿನದ ಸಾಧನ ಎಂಪಿ3ಟ್ಯಾಗ್. ವಿಂಡೋಸ್‌ಗೆ ಉಚಿತ, ಮ್ಯಾಕ್‌ಗೆ ದುಡ್ಡು ಕೊಡಬೇಕು. ಇದು ತಾನಾಗಿ ಏನನ್ನೂ ಮಾಡುವುದಿಲ್ಲ, ಹೇಳಿದ್ದಷ್ಟನ್ನೇ ಮಾಡುತ್ತದೆ. ಕೈಯಲ್ಲಿ ಮಾಡಿದ ಸ್ಕ್ಯಾನ್‌ಗಳಿಗೆ ಅದೇ ಬೇಕು. ಆಲ್ಬಮ್ಮಿನ ಹತ್ತೂ ಹಾಡನ್ನು ಒಟ್ಟಿಗೆ ಆರಿಸಿ, ಎಡಗಡೆ ಕೆಳಗಿನ ಚಿತ್ರದ ಚೌಕಕ್ಕೆ ಕವರ್ ಎಳೆದು ಬಿಟ್ಟು, ಸೇವ್ ಒತ್ತಿದರೆ ಮುಗಿಯಿತು. ಒಂದು ಆಲ್ಬಮ್ಮಿಗೆ ಅರ್ಧ ನಿಮಿಷ. ಚಿತ್ರ ಎಷ್ಟು ಪಿಕ್ಸೆಲ್, ಎಷ್ಟು ಕೆಬಿ ಅಂತ ಅಲ್ಲೇ ತೋರಿಸುತ್ತದೆ. ಫೋಲ್ಡರಿನ ಚಿತ್ರಗಳನ್ನು ಸಾಲಾಗಿ ಎಲ್ಲ ಹಾಡಿಗೂ ಸೇರಿಸುವುದು, ಒಳಗಿರುವ ದೊಡ್ಡ ಚಿತ್ರಗಳನ್ನು ಒಟ್ಟಿಗೆ ಸಣ್ಣದು ಮಾಡುವುದು, ಇಂಥ ಕೆಲಸಕ್ಕೂ ಅದರಲ್ಲಿ ಆಕ್ಷನ್ ಅನ್ನುವ ಸೌಲಭ್ಯ ಇದೆ. 3.9 ಜಿಬಿಯ ನನ್ನ ತಪ್ಪನ್ನು ಅದರಿಂದಲೇ ಸರಿಮಾಡಿದ್ದು.

ಲಿನಕ್ಸ್ ಬಳಸುವವರಿಗೆ ಕಿಡ್3 ಒಳ್ಳೆಯದು. ವಿಂಡೋಸ್, ಮ್ಯಾಕ್, ಆಂಡ್ರಾಯ್ಡ್‌ಗೂ ಸಿಗುತ್ತದೆ, ಉಚಿತ. ಕೆಲಸದಲ್ಲಿ ಎಂಪಿ3ಟ್ಯಾಗ್‌ಗೆ ಹತ್ತಿರ. ಕಮಾಂಡ್ ಕೊಟ್ಟು ಕೆಲಸ ಮಾಡುವುದು ಇಷ್ಟ ಅನ್ನುವವರಿಗೆ ಬೀಟ್ಸ್ ಇದೆ. ಸಾವಿರಗಟ್ಟಲೆ ಆಲ್ಬಮ್ ಇದ್ದವರಿಗೆ ಅದು ಸರಿ, ಬೇರೆಯವರಿಗೆ ಬೇಡ.

ಕಂಪ್ಯೂಟರೇ ಇಲ್ಲ, ಫೋನ್ ಒಂದೇ ಅನ್ನುವವರು ನಮ್ಮಲ್ಲಿ ಜಾಸ್ತಿ. ಅವರು ಆಂಡ್ರಾಯ್ಡಿನಲ್ಲಿ ಮ್ಯೂಸಿಕೋಲೆಟ್ ಹಾಕಿಕೊಳ್ಳಬಹುದು. ಹಾಡು ನುಡಿಸುವ ಆಪ್ ಅದು. ನೆಟ್ ಬೇಡ, ಜಾಹೀರಾತಿಲ್ಲ, ಟ್ಯಾಗ್ ತಿದ್ದುವ ಸೌಲಭ್ಯ ಅದರೊಳಗೇ ಇದೆ. ಹಲವು ಹಾಡನ್ನು ಒಟ್ಟಿಗೆ ಆರಿಸಿ ಫೋನಿನಲ್ಲಿ ತೆಗೆದ ಕವರ್ ಫೋಟೋ ಸೇರಿಸಬಹುದು. ಮೂವತ್ತು ನಲವತ್ತು ಆಲ್ಬಮ್ ಇದ್ದರೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಚಿತ್ರ ಹಾಕಿದರೂ ಸರಿ ಕಾಣದಿದ್ದರೆ

ಕನ್ನಡ ಹಾಡುಗಳಲ್ಲಿ ಎರಡು ತೊಂದರೆ ಪದೇ ಪದೇ ಬರುತ್ತವೆ.

ಮೊದಲನೆಯದು ಆಲ್ಬಮ್ ಚೂರಾಗುವುದು. ಒಂದು ಸಿನಿಮಾದ ಆರು ಹಾಡನ್ನು ನಾಲ್ಕು ಜನ ಹಾಡಿರುತ್ತಾರೆ. ಕೆಲವು ಆಪ್‌ಗಳು ಹಾಡಿದವರ ಹೆಸರು ನೋಡಿ ಅದನ್ನು ನಾಲ್ಕು ಆಲ್ಬಮ್ ಅಂದುಕೊಳ್ಳುತ್ತವೆ. ಒಂದೇ ಕವರ್ ನಾಲ್ಕು ಸಲ ಕಾಣುತ್ತದೆ. ಟ್ಯಾಗ್‌ನಲ್ಲಿ 'ಆಲ್ಬಮ್ ಆರ್ಟಿಸ್ಟ್' ಅಂತ ಬೇರೆಯೇ ಒಂದು ಜಾಗ ಇದೆ. ಅಲ್ಲಿ ಆರೂ ಹಾಡಿಗೆ ಒಂದೇ ಹೆಸರು ಬರೆಯಿರಿ. ಸಿನಿಮಾ ಆದರೆ ನಾನು ಸಂಗೀತ ನಿರ್ದೇಶಕರ ಹೆಸರು ಹಾಕುತ್ತೇನೆ, ಭಾವಗೀತೆ ಆದರೆ ರಾಗ ಸಂಯೋಜಿಸಿದವರದು.

ಎರಡನೆಯದು ಇದರ ತಿರುಗುಮುರುಗು. 'ಭಕ್ತಿಗೀತೆಗಳು' ಅಂತಲೇ ಹೆಸರಿರುವ ಕ್ಯಾಸೆಟ್ ಅಪ್ಪನ ಹತ್ತಿರ ಐದು ಇದ್ದವು. ಆಪ್ ಐದನ್ನೂ ಒಂದೇ ಆಲ್ಬಮ್ ಮಾಡಿ, ರಾಯರ ಹಾಡಿಗೂ ಮಂಜುನಾಥನ ಕವರ್ ತೋರಿಸುತ್ತಿತ್ತು. ಆಲ್ಬಮ್ ಹೆಸರಿಗೆ ದೇವರ ಹೆಸರನ್ನೋ ವರ್ಷವನ್ನೋ ಸೇರಿಸಿದರೆ ಬೇರೆ ಬೇರೆ ಆಗುತ್ತವೆ.

ಹೊಸ ಚಿತ್ರ ಹಾಕಿದ ಮೇಲೂ ಹಳೆಯದೇ ಕಾಣುತ್ತಿದ್ದರೆ ಆಪ್ ತನ್ನ ನೆನಪಿನಿಂದ ತೋರಿಸುತ್ತಿದೆ ಅಂತ ಅರ್ಥ. ಆ ಆಪ್‌ನ ಕ್ಯಾಶ್ ಅಳಿಸಿ, ಮತ್ತೆ ತೆರೆಯಿರಿ. ವಿಂಡೋಸ್‌ನಲ್ಲಿ ಹಳೆಯ ಮೀಡಿಯಾ ಪ್ಲೇಯರ್ ಬಳಸಿದ್ದವರು ಫೋಲ್ಡರಿನೊಳಗೆ ಕಣ್ಣಿಗೆ ಕಾಣದ 200 ಪಿಕ್ಸೆಲ್‌ನ ಸಣ್ಣ ಕವರ್ ಇದೆಯೇ ನೋಡಿ. ಅದು ತಾನಾಗಿ ಮಾಡಿಟ್ಟಿರುತ್ತದೆ. ಮರೆಯಲ್ಲಿರುವ ಫೈಲ್‌ಗಳನ್ನು ತೋರಿಸುವಂತೆ ಮಾಡಿ ಅದನ್ನು ಅಳಿಸಿ. ಇಲ್ಲದಿದ್ದರೆ ನಿಮ್ಮ ಒಳ್ಳೆಯ ಸ್ಕ್ಯಾನಿಗೆ ಅದು ಅಡ್ಡ ಬರಬಹುದು. ಇನ್ನು ಫೈಲಿನೊಳಗೆ ಮುಂಭಾಗದ ಒಂದೇ ಚಿತ್ರ ಇರಲಿ. ಎರಡು ಮೂರು ಹಾಕಿದರೆ ಯಾವ ಪ್ಲೇಯರ್ ಯಾವುದನ್ನು ಎತ್ತಿಕೊಳ್ಳುತ್ತದೆ ಅಂತ ಹೇಳುವುದಕ್ಕಾಗುವುದಿಲ್ಲ.

ಸ್ಕ್ಯಾನ್ ಕೈಯಲ್ಲಿದ್ದರೆ ಅದನ್ನು ಮ್ಯೂಸಿಕ್‌ಬ್ರೈನ್ಜ್‌ನಲ್ಲಿ ಖಾತೆ ಮಾಡಿಕೊಂಡು ಕವರ್ ಆರ್ಟ್ ಆರ್ಕೈವ್‌ಗೂ ಸೇರಿಸಬಹುದು. ಆಲ್ಬಮ್ಮಿನ ವಿವರವನ್ನು ಕನ್ನಡ ಲಿಪಿಯಲ್ಲೇ ತುಂಬಬಹುದು. ಅದೇ ಕ್ಯಾಸೆಟ್ ಇರುವ ಇನ್ನೊಂದು ಮನೆಯವರಿಗೆ ಆಗ ಪಿಕಾರ್ಡ್‌ನಲ್ಲಿ ಆಲ್ಬಮ್ ಹೆಸರು ಹುಡುಕಿದರೆ ಕವರ್ ಸಿಗುತ್ತದೆ. ಕನ್ನಡ ಕ್ಯಾಸೆಟ್‌ಗಳು ಅಲ್ಲಿ ಇಲ್ಲದಿರುವುದು ಯಾರೂ ಹಾಕಿಲ್ಲ ಅನ್ನುವ ಒಂದೇ ಕಾರಣಕ್ಕೆ.

ಕವರೇ ಇಲ್ಲದ ಕ್ಯಾಸೆಟ್

ಅಪ್ಪನ ಶೆಲ್ಫಿನಲ್ಲಿ ಒಂಬತ್ತು ಖಾಲಿ ಕ್ಯಾಸೆಟ್ ಇದ್ದವು. ಖಾಲಿ ಅಂದರೆ ಅಂಗಡಿಯಲ್ಲಿ ಖಾಲಿ ಕೊಂಡು, ಮನೆಯಲ್ಲಿ ರೇಡಿಯೋದಿಂದ ತುಂಬಿದ್ದು. ಇವಕ್ಕೆ ಕವರ್ ಎಲ್ಲಿಂದ ತರುವುದು? ಒಂದೇ ಬಣ್ಣದ ಚೌಕ ಮಾಡಿ, ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಹೆಸರು ಬರೆಯಬಹುದು. ಹೆಚ್ಚಿನವರಿಗೆ ಅದು ಸಾಕು. ಪ್ರತಿ ಕ್ಯಾಸೆಟ್ಟಿಗೆ ಬೇರೆ ಬಣ್ಣ ಹಾಕಿ, ಹುಡುಕುವುದು ಸುಲಭ.

ನಾನು ಹಾಗೆ ಮಾಡಲು ಹೊರಟು, ಕೊನೆಗೆ ಒಳಗಿನ ಕಾಗದ ತೆಗೆದು ನೋಡಿದೆ. ಗೆರೆ ಹಾಕಿದ ಕಾಗದ. ಎ ಮತ್ತು ಬಿ ಅಂತ ಎರಡು ಭಾಗ. ಅಪ್ಪ ಹಸಿರು ಶಾಯಿಯಲ್ಲಿ ಹಾಡುಗಳ ಮೊದಲ ಸಾಲು ಬರೆದಿದ್ದರು. ಬಿ ಕಡೆಯ ಮೂರನೇ ಹಾಡಿನ ಮುಂದೆ "ಕರೆಂಟು ಹೋಯ್ತು" ಅಂತ ಇತ್ತು. ಹಾಡೂ ಅಲ್ಲೇ ನಿಲ್ಲುತ್ತದೆ. ಒಂಬತ್ತು ಕಾಗದವನ್ನೂ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಹಾಗೇ ಕವರ್ ಮಾಡಿದ್ದೇನೆ. ಪಟ್ಟಿಗೆ ಆ ಕಾಗದದ ಮಾಸಲು ಬಿಳಿ ಬಣ್ಣ. ಆಲ್ಬಮ್ ಆರ್ಟಿಸ್ಟ್ ಜಾಗದಲ್ಲಿ ಅಪ್ಪನ ಹೆಸರು ಬರೆದೆ. ವರ್ಷ ಯಾವುದೆಂದು ಅಮ್ಮನಿಗೂ ನೆನಪಿಲ್ಲ, ಅದನ್ನು ಖಾಲಿ ಬಿಟ್ಟಿದ್ದೇನೆ.